ಮರದ ನೆಲ ಉಬ್ಬಿದೆಯೇ? ಉಜ್ಜುವ ಮೊದಲು ತೇವ ಅಳೆಯಿರಿ

ಜುಲೈ ತಿಂಗಳ ಒಂದು ಬೆಳಗ್ಗೆ ಮಡಿಕೇರಿಯ ನಮ್ಮ ಮನೆಯ ಮಹಡಿ ಕೋಣೆಗೆ ಬರಿಗಾಲಲ್ಲಿ ಹೋದಾಗ ಅಂಗಾಲಿಗೆ ಏನೋ ತಾಗಿತು. ಕಣ್ಣಿಗೆ ಏನೂ ಕಾಣಲಿಲ್ಲ. ಕೂತು ಕೈ ಆಡಿಸಿದೆ. ಪ್ರತಿ ಹಲಗೆಯ ಎರಡೂ ಅಂಚು ಮೇಲೆದ್ದು, ನಡುಭಾಗ ತಗ್ಗಾಗಿತ್ತು. ಫೆಬ್ರವರಿಯಲ್ಲಿ ನಾನೇ ಕೈಯಾರೆ ಹಾಕಿದ ತೇಗದ ನೆಲ ಅದು. ಐದು ತಿಂಗಳಿಗೇ ಹೀಗಾಗಿತ್ತು.

ಅಂದೇ ಸ್ಯಾಂಡಿಂಗ್ ಮೆಷಿನ್ ಬಾಡಿಗೆಗೆ ತರಲು ಹೊರಟಿದ್ದೆ. ನಮ್ಮ ಬಾಗಿಲು ಕಿಟಕಿ ಮಾಡಿಕೊಟ್ಟ ಆಚಾರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೇ: "ಈಗ ಕೀಸ್ಬೇಡಿ ಸಾರ್. ಮಳೆ ಹೋಗ್ಲಿ, ದೀಪಾವಳಿ ಕಳೀಲಿ. ಮೊದ್ಲು ನೀರು ಎಲ್ಲಿಂದ ಬರ್ತಿದೆ ನೋಡಿ." ಆ ಮಾತು ನನ್ನ ನೆಲವನ್ನು ಉಳಿಸಿತು. ಮೊದಲ ಬಾರಿಗೆ ಮರದ ನೆಲ ಹಾಕಿ, ಈಗ ಉಬ್ಬು, ಬಿರುಕು, ಸದ್ದು ಅಂತ ತಲೆ ಕೆಡಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವಾಗ, ಎಲ್ಲಿ ಅಂತ ಕೇಳಿ

ಮರದ ನೆಲದ ತೊಂದರೆಗಳಲ್ಲಿ ಹೆಚ್ಚಿನವು ತೇವದಿಂದ ಬರುತ್ತವೆ. ಆದರೆ ತೇವ ಬರುವ ದಾರಿ ಒಂದೇ ಅಲ್ಲ. ಗಾಳಿಯಿಂದ ಬರಬಹುದು, ಕೆಳಗಿನ ಕಾಂಕ್ರೀಟಿನಿಂದ ಬರಬಹುದು, ಪಕ್ಕದ ಬಚ್ಚಲಿನಿಂದ ಬರಬಹುದು, ದಿನಾ ಒರೆಸುವ ಬಟ್ಟೆಯಿಂದಲೂ ಬರಬಹುದು. ದಾರಿ ಯಾವುದು ಅಂತ ಗೊತ್ತಾಗದೆ ಮಾಡುವ ಯಾವ ರಿಪೇರಿಯೂ ನಿಲ್ಲುವುದಿಲ್ಲ.

ಒಂದು ಹಾಳೆಯ ಮೇಲೆ ಕೋಣೆಯ ನಕ್ಷೆ ಬರೆದುಕೊಳ್ಳಿ. ಬಾಗಿಲು, ಕಿಟಕಿ, ಬಚ್ಚಲಿನ ಗೋಡೆ, ನೀರಿನ ಪೈಪ್ ಹೋಗುವ ಜಾಗ ಎಲ್ಲ ಗುರುತು ಮಾಡಿ. ಹಲಗೆಗಳು ಯಾವ ದಿಕ್ಕಿಗೆ ಓಡುತ್ತವೆ ಅಂತ ಗೆರೆ ಎಳೆಯಿರಿ. ಆಮೇಲೆ ತೊಂದರೆ ಇರುವ ಜಾಗಕ್ಕೆ ಬಣ್ಣ ಹಚ್ಚಿ, ಜಾಸ್ತಿ ಇರುವಲ್ಲಿ ಗಾಢವಾಗಿ.

ಇಡೀ ಕೋಣೆಯಲ್ಲಿ ಒಂದೇ ಸಮ ಇದ್ದರೆ ಗಾಳಿಯ ಕಡೆ ಅಥವಾ ಇಡೀ ಸ್ಲ್ಯಾಬಿನ ಕಡೆ ಅನುಮಾನ ಪಡಿ. ಒಂದು ಮೂಲೆಯಲ್ಲಿ ಜಾಸ್ತಿ ಇದ್ದು ದೂರ ಹೋದಂತೆ ಕಡಿಮೆಯಾದರೆ ಅಲ್ಲಿ ಸೋರಿಕೆ ಇದೆ. ಕಿಟಕಿಯ ಕೆಳಗೆ ಮಾತ್ರ ಇದ್ದರೆ ಇರಚಲು. ನಡೆದಾಡುವ ದಾರಿಯಲ್ಲಿ ಮಾತ್ರ ಇದ್ದರೆ ಪಾಲಿಶ್ ಸವೆದು ಒರೆಸುವ ನೀರು ಇಳಿಯುತ್ತಿದೆ.

ನನ್ನ ನಕ್ಷೆಯಲ್ಲಿ ಎರಡು ಬಣ್ಣ ಬಂತು. ಕೋಣೆ ಪೂರ್ತಿ ತಿಳಿಯಾಗಿ, ಬಚ್ಚಲಿನ ಗೋಡೆಗೆ ತಾಗಿದ ನಾಲ್ಕು ಹಲಗೆಗಳಲ್ಲಿ ಗಾಢವಾಗಿ. ಅಂದರೆ ಒಂದೇ ನೆಲದಲ್ಲಿ ಎರಡು ಬೇರೆ ಬೇರೆ ರೋಗ. ಇದು ಅಪರೂಪವೇನಲ್ಲ. ಒಂದು ಕಾರಣ ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸಬೇಡಿ.

ಅಳೆಯುವುದು ಹೇಗೆ

ಎರಡು ಸಾಧನ ಸಾಕು. ಕೋಣೆಯ ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್ ಒಂದು. ಮರದೊಳಗಿನ ತೇವ ತೋರಿಸುವ, ಎರಡು ಮುಳ್ಳಿರುವ ಮಾಯಿಶ್ಚರ್ ಮೀಟರ್ ಇನ್ನೊಂದು. ಸಾಧಾರಣ ಮೀಟರ್ ಆದರೂ ನಡೆಯುತ್ತದೆ, ಯಾಕಂದ್ರೆ ನಮಗೆ ಬೇಕಿರುವುದು ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ. ಮರದ ಜಾತಿ ಆರಿಸುವ ಸೌಲಭ್ಯ ಇದ್ದರೆ ಆರಿಸಿ. ಈ ಮೀಟರನ್ನು ಕಾಂಕ್ರೀಟಿಗೆ ಚುಚ್ಚಿ ಅಂಕಿ ನಂಬಬೇಡಿ, ಅದು ಮರಕ್ಕೆ ಅಂತ ಮಾಡಿದ್ದು.

ಒಂದೇ ಹಲಗೆಯಲ್ಲಿ ಎರಡು ಆಳದಲ್ಲಿ ಅಳೆಯಿರಿ. 18 ಮಿ.ಮೀ. ದಪ್ಪದ ಹಲಗೆಯಾದರೆ ಮೊದಲು 4 ಮಿ.ಮೀ., ಆಮೇಲೆ 13 ಮಿ.ಮೀ. ಮುಳ್ಳು ಅಷ್ಟು ಆಳ ಇಳಿಯದಿದ್ದರೆ ಎರಡು ಸಣ್ಣ ಮೊಳೆ ಹೊಡೆದು ಅವುಗಳ ತಲೆಗೆ ಮುಳ್ಳು ತಾಗಿಸಿ. ಆಳದಲ್ಲಿ ಅಂಕಿ ಏರಿದರೆ ನೀರು ಕೆಳಗಿನಿಂದ ಬರುತ್ತಿದೆ. ಸಣ್ಣ ತೂತುಗಳನ್ನು ಆಮೇಲೆ ಅದೇ ಬಣ್ಣದ ಮೇಣದಿಂದ ಮುಚ್ಚಬಹುದು.

ಮೀಟರ್ ಇಲ್ಲದಿದ್ದರೂ ದಾರಿ ಇದೆ. ಹಲಗೆಯ ಒಂದು ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಓವನ್‌ನಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ. ಆಗಾಗ ತೂಗುತ್ತಾ, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿರಿ. ಮೊದಲು 118 ಗ್ರಾಂ ಇದ್ದದ್ದು 100 ಗ್ರಾಂಗೆ ನಿಂತರೆ ಅದರಲ್ಲಿ ಶೇ. 18 ತೇವ ಇತ್ತು ಅಂತ ಅರ್ಥ. ನಿಧಾನದ ಕೆಲಸ, ಆದರೆ ಮೀಟರಿಗಿಂತ ನಂಬಿಕೆಯದು. ಮೈಕ್ರೋವೇವ್‌ನಲ್ಲಿ ಮಾಡಬೇಡಿ, ತುಂಡು ಒಳಗಿನಿಂದ ಸುಟ್ಟುಹೋಗುತ್ತದೆ.

ಹಲಗೆ ಎಷ್ಟು ಬಾಗಿದೆ ಅಂತ ಅಳೆಯಲು ಅಡ್ಡಲಾಗಿ ಒಂದು ಸ್ಟೀಲ್ ಸ್ಕೇಲ್ ಇಡಿ. ನಡುವಿನ ಸಂದಿಗೆ ಜೆರಾಕ್ಸ್ ಕಾಗದದ ಹಾಳೆಗಳನ್ನು ಒಂದೊಂದಾಗಿ ತೂರಿಸಿ. ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ನನ್ನ ಕೋಣೆಯ ನಡುವೆ ಐದು ಹಾಳೆ ಹೋದವು, ಬಚ್ಚಲಿನ ಗೋಡೆಯ ಬಳಿ ಹದಿನೆಂಟು. ಮೀಟರ್ ನಡುವಿನಲ್ಲಿ ಶೇ. 14 ತೋರಿಸಿತು, ಗೋಡೆಯ ಬಳಿ ಶೇ. 22.

ಹಲಗೆ ದೋಣಿಯಂತೆ ಬಾಗಿದ್ದರೆ

ಅಂಚು ಮೇಲೆ, ನಡು ಕೆಳಗೆ. ಇದಕ್ಕೆ ಕಪ್ಪಿಂಗ್ ಅನ್ನುತ್ತಾರೆ. ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಜಾಸ್ತಿ ತೇವ ಹೀರಿ ಹಿಗ್ಗಿದಾಗ ಹೀಗಾಗುತ್ತದೆ. ಮೇಲ್ಮೈಗೆ ಪಾಲಿಶ್ ಇದೆ, ಅಡಿಗೆ ಇಲ್ಲ ಅಲ್ವಾ? ಜೊತೆಗೆ ಹಿಗ್ಗಲು ಜಾಗ ಇಲ್ಲದಿದ್ದರೆ ಹಲಗೆಗಳು ಒಂದನ್ನೊಂದು ಒತ್ತಿ ಅಂಚು ಇನ್ನಷ್ಟು ಏಳುತ್ತದೆ.

ಮರ ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ ನನಗೆ ಮೊದಲು ಗೊತ್ತಿದ್ದರೆ ಅರ್ಧ ತೊಂದರೆ ಆಗುತ್ತಲೇ ಇರಲಿಲ್ಲ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಹಿಗ್ಗುತ್ತದೆ. ಮರದ ಉಂಗುರಗಳು ಹಲಗೆಯ ಅಗಲಕ್ಕೆ ಮಲಗಿದಂತೆ ಕೊಯ್ದ ತೇಗದ ಹಲಗೆ 125 ಮಿ.ಮೀ. ಅಗಲ ಇದ್ದರೆ, ತೇವ ಶೇ. 10ರಿಂದ 14ಕ್ಕೆ ಏರಿದಾಗ ಸುಮಾರು 0.9 ಮಿ.ಮೀ. ಅಗಲವಾಗುತ್ತದೆ. ಅದೇ ಅಗಲದ ರೆಡ್ ಓಕ್ ಹಲಗೆ ಇದರ ಎರಡರಷ್ಟು ಹಿಗ್ಗುತ್ತದೆ. 0.9 ಅಂದರೆ ಏನು ಮಹಾ ಅನ್ನಿಸಬಹುದು. ಆದರೆ 3 ಮೀಟರ್ ಅಗಲದ ಕೋಣೆಗೆ ಅಂಥ 24 ಹಲಗೆ ಬೇಕು. ಒಟ್ಟು ಸುಮಾರು 22 ಮಿ.ಮೀ. ಆಯಿತು.

ನಾನು ಗೋಡೆಯ ಬಳಿ ಬಿಟ್ಟಿದ್ದ ಗ್ಯಾಪ್ ಎರಡೂ ಕಡೆ 8 ಮಿ.ಮೀ. ಒಟ್ಟು 16. ಅಷ್ಟೇ ಯಾಕೆ ಬಿಟ್ಟೆ ಅಂದರೆ ನಾನು ತಂದ ಸ್ಕರ್ಟಿಂಗ್, ಅಂದರೆ ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ, 12 ಮಿ.ಮೀ. ದಪ್ಪದ್ದು, ಅದಕ್ಕಿಂತ ದೊಡ್ಡ ಗ್ಯಾಪ್ ಅದರಡಿ ಮುಚ್ಚುತ್ತಿರಲಿಲ್ಲ. ಸ್ಕರ್ಟಿಂಗ್ ನೋಡಿ ಗ್ಯಾಪ್ ಬಿಟ್ಟದ್ದು ತಪ್ಪು. ಗ್ಯಾಪ್ ಲೆಕ್ಕ ಹಾಕಿ, ಅದನ್ನು ಮುಚ್ಚುವಷ್ಟು ದಪ್ಪದ ಸ್ಕರ್ಟಿಂಗ್ ತರಬೇಕಿತ್ತು. ಇಡೀ ಮರದ ಹಲಗೆಗೆ ಸುತ್ತಲೂ 18ರಿಂದ 20 ಮಿ.ಮೀ. ಬಿಡಿ. ಪದರ ಅಂಟಿಸಿ ಮಾಡಿದ ಎಂಜಿನಿಯರ್ಡ್ ವುಡ್ ಆದರೆ 10ರಿಂದ 12 ಮಿ.ಮೀ. ಸಾಕಾಗುತ್ತದೆ.

ನಿಮ್ಮ ನೆಲದಲ್ಲೂ ಇದೇ ಕಾರಣವೋ ಅಂತ ನೋಡಲು ಒಂದು ಕಡೆಯ ಸ್ಕರ್ಟಿಂಗ್ ಬಿಚ್ಚಿ. ಹಲಗೆ ಗೋಡೆಗೆ ಬಿಗಿಯಾಗಿ ಅಂಟಿ ನಿಂತಿದ್ದರೆ ಉತ್ತರ ಸಿಕ್ಕಿತು. ಅಲ್ಲೇ ಗೋಡೆಯ ಉದ್ದಕ್ಕೆ ಕತ್ತರಿಸಿ ಗ್ಯಾಪ್ ಅಗಲ ಮಾಡಬಹುದು. ಬ್ಲೇಡ್ ಅತ್ತಿತ್ತ ಅಲುಗಿ ಕೊಯ್ಯುವ ಆಸಿಲೇಟಿಂಗ್ ಮಲ್ಟಿ-ಟೂಲ್ ಇದಕ್ಕೆ ಒಳ್ಳೆಯದು. ಬಾಗಿಲ ಚೌಕಟ್ಟಿನ ಬುಡವನ್ನೂ ನೋಡಿ. ಅಲ್ಲಿ ಹಲಗೆಯನ್ನು ಚೌಕಟ್ಟಿಗೆ ಒತ್ತಿ ಕೂರಿಸಿರುವವರೇ ಜಾಸ್ತಿ. ಚೌಕಟ್ಟಿನ ಬುಡ ಕತ್ತರಿಸಿ ಹಲಗೆಯನ್ನು ಅದರಡಿ ತೂರಿಸಬೇಕು, ಆಗ ಚಲಿಸಲು ಜಾಗ ಸಿಗುತ್ತದೆ.

ಇನ್ನು ಬಚ್ಚಲಿನ ಗೋಡೆ. ಶೇ. 22 ಅನ್ನುವ ಅಂಕಿ ಗಾಳಿಯಿಂದ ಬರುವುದು ಕಷ್ಟ. 25 ಡಿಗ್ರಿಯಲ್ಲಿ ಗಾಳಿಯ ತೇವ ಶೇ. 50 ಇದ್ದರೆ ಮರ ಶೇ. 9ರ ಹತ್ತಿರ ನಿಲ್ಲುತ್ತದೆ, ಶೇ. 65 ಇದ್ದರೆ 12, ಶೇ. 80 ಇದ್ದರೆ 16. ನಮ್ಮ ಕೋಣೆಯ ಹೈಗ್ರೋಮೀಟರ್ ಶೇ. 75ರ ಆಸುಪಾಸು ತೋರಿಸುತ್ತಿತ್ತು. ಹಾಗಾಗಿ ನಡುವಿನ 14 ಸರಿಹೊಂದಿತು, ಗೋಡೆ ಬಳಿಯ 22 ಹೊಂದಲಿಲ್ಲ. ಎರಡು ದಿನ ಆ ಬಚ್ಚಲನ್ನು ಬಳಸಲಿಲ್ಲ. ಆಮೇಲೆ ನೆಲದ ನೀರು ಹೊರಹೋಗುವ ನಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ನೆಲದಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ ರಾತ್ರಿಯಿಡೀ ಬಿಟ್ಟೆ. ನೀರು ಇಳಿಯಲಿಲ್ಲ. ಬಟ್ಟೆ ತೆಗೆದು ಎರಡು ಬಕೆಟ್ ನೀರು ಟ್ರ್ಯಾಪಿಗೆ ಸುರಿದಾಗ ಕೆಳಮಹಡಿಯ ಸೂರಿನಲ್ಲಿ, ಪೈಪ್ ಸೇರುವ ಜಾಗದಲ್ಲಿ, ಒದ್ದೆ ಕಲೆ ಮೂಡಿತು. ಟ್ರ್ಯಾಪ್ ಮತ್ತು ಪೈಪಿನ ನಡುವಿನ ಜೋಡಣೆ ಸೋರುತ್ತಿತ್ತು. ಈ ಪರೀಕ್ಷೆಗೆ ಖರ್ಚಿಲ್ಲ. ಬಚ್ಚಲಿಗೆ ಅಂಟಿದ ಕೋಣೆಗೆ ಮರ ಹಾಕುವ ಮೊದಲೇ ಮಾಡಿಬಿಡಿ.

ಸೋರಿಕೆ ಸಿಗದೆ, ನೆಲ ಪೂರ್ತಿ ಅಡಿಯಿಂದ ತೇವವಾಗಿದ್ದರೆ ಸ್ಲ್ಯಾಬನ್ನು ನೋಡಬೇಕು. ಒಂದೆರಡು ಹಲಗೆ ಎತ್ತಿ, ಕಾಂಕ್ರೀಟಿನ ಮೇಲೆ 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಡಿ. ಒಳಗೆ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಅದು ಇನ್ನೂ ಒಣಗಿಲ್ಲ. ಹನಿ ಕಾಣದಿದ್ದರೆ ಪೂರ್ತಿ ಒಣಗಿದೆ ಅಂತಲ್ಲ, ಮೇಲ್ಪದರ ಒಣಗಿದೆ ಅಂತ ಅಷ್ಟೇ. ಹೊಸ ಮನೆಯಲ್ಲಿ ಗೃಹಪ್ರವೇಶದ ಮುಹೂರ್ತ ಬಂತು ಅಂತ ಹಸಿ ಸ್ಲ್ಯಾಬಿನ ಮೇಲೆ ಮರ ಹಾಸುವುದನ್ನು ನಾನು ನೋಡಿದ್ದೇನೆ. ತುಂಬಾ ಬೇಸರವಾಗುತ್ತದೆ. ಒಂದು ಇಂಚು ದಪ್ಪ ಕಾಂಕ್ರೀಟ್ ಒಣಗಲು ಸುಮಾರು ಒಂದು ತಿಂಗಳು ಅನ್ನುವುದು ಹಳೆಯ ಲೆಕ್ಕ. ಮಳೆಗಾಲ ನಡುವೆ ಬಂದರೆ ಅದಕ್ಕಿಂತಲೂ ಜಾಸ್ತಿ.

ಆಗಲೇ ಯಾಕೆ ಉಜ್ಜಬಾರದು

ಅಂಚು ಎದ್ದಿರುವಾಗ ಸ್ಯಾಂಡಿಂಗ್ ಮಾಡಿದರೆ ಮೆಷಿನ್ ಆ ಅಂಚನ್ನೇ ತಿನ್ನುತ್ತದೆ. ನೆಲ ಚಪ್ಪಟೆಯಾಗಿ ಕಾಣುತ್ತದೆ, ಖುಷಿಯಾಗುತ್ತದೆ. ಮಳೆ ಹೋಗಿ ಹಲಗೆ ಒಣಗಿ ನೇರವಾದಾಗ ಅಂಚು ತೆಳ್ಳಗಾಗಿರುವುದರಿಂದ ನಡುಭಾಗ ಬೆನ್ನಿನಂತೆ ಉಬ್ಬಿ ನಿಲ್ಲುತ್ತದೆ. ಇದಕ್ಕೆ ಕ್ರೌನಿಂಗ್ ಅನ್ನುತ್ತಾರೆ. ಅದನ್ನು ಸರಿ ಮಾಡಲು ಮತ್ತೊಮ್ಮೆ ಉಜ್ಜಬೇಕು, ಅಷ್ಟರಲ್ಲಿ ಹಲಗೆಯ ನಾಲಿಗೆಯ (ಪಕ್ಕದ ಹಲಗೆಯ ಗ್ರೂವಿಗೆ, ಅಂದರೆ ತೋಡಿಗೆ, ಸೇರುವ ಅಂಚು) ಮೇಲಿನ ಮರ ಎಷ್ಟೋ ಹೋಗಿರುತ್ತದೆ. ತೆಳು ಪದರದ ಎಂಜಿನಿಯರ್ಡ್ ವುಡ್ ಆದರೆ ಎರಡನೇ ಬಾರಿಗೆ ಮರವೇ ಉಳಿದಿರುವುದಿಲ್ಲ.

ನಿಮ್ಮ ನೆಲದ ನಡುಭಾಗ ಉಬ್ಬಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಹಿಂದೆ ಯಾರಾದರೂ ಮಳೆಗಾಲದಲ್ಲಿ ಉಜ್ಜಿದ್ದರೇ? ಇಲ್ಲವಾದರೆ ಮೇಲಿನಿಂದ ನೀರು ಬೀಳುತ್ತಿದೆಯೇ? ಬಕೆಟ್ ನೀರಲ್ಲಿ ಬಟ್ಟೆ ಅದ್ದಿ ಒರೆಸುವ ಅಭ್ಯಾಸ ನಮಗೆ ಸಿಮೆಂಟ್ ನೆಲದಿಂದ ಬಂದದ್ದು. ಹಬ್ಬದ ಹಿಂದಿನ ದಿನ ನೀರು ಹಾಕಿ ತೊಳೆಯುವುದೂ ಅಷ್ಟೇ. ಮರಕ್ಕೆ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಮನೆಯಲ್ಲಿ ಕೆಲಸಕ್ಕೆ ಬರುವವರಿಗೆ ಇದನ್ನು ನಾವೇ ಒಮ್ಮೆ ಮಾಡಿ ತೋರಿಸಬೇಕು. ಅವರಿಗೆ ಯಾರೂ ಹೇಳಿರುವುದಿಲ್ಲ.

ನಾನು ಜನವರಿವರೆಗೆ ಕಾದೆ. ಸೋರಿಕೆ ಸರಿ ಮಾಡಿಸಿ, ಗ್ಯಾಪ್ ಅಗಲ ಮಾಡಿ, ಕೋಣೆಯ ಫ್ಯಾನ್ ತಿರುಗಲು ಬಿಟ್ಟೆ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಅಳೆದು ಬರೆದಿಟ್ಟೆ. ಮೂರು ವಾರ ಅಂಕಿ ಬದಲಾಗದೆ ನಿಂತಾಗ, ಮೇಲಿನ ಮತ್ತು ಆಳದ ಅಂಕಿ ಹತ್ತಿರ ಬಂದಾಗ ಮಾತ್ರ ಮೆಷಿನ್ ತಂದೆ. ಅಷ್ಟರಲ್ಲಿ ಕೋಣೆಯ ನಡುವಿನ ಬಾಗು ತಾನಾಗಿ ಹೋಗಿತ್ತು. ಅಲ್ಲಿ ಉಜ್ಜುವ ಅಗತ್ಯವೇ ಬೀಳಲಿಲ್ಲ.

ನೆಲ ಎದ್ದು ನಿಂತಿದ್ದರೆ

ಸ್ಲ್ಯಾಬಿನ ಮೇಲೆ ಹಾಸಿದ ಪ್ಲೈವುಡ್ಡಿಗೆ ಮೊಳೆ ಹೊಡೆದ ಹಲಗೆಗಳು ಅದನ್ನು ಬಿಟ್ಟು ಗುಡಾರದಂತೆ ಎದ್ದಿದ್ದರೆ ಕಾಯಬೇಡಿ. ಇಲ್ಲಿ ಒತ್ತಡ ಜಾಸ್ತಿಯಾಗಿದೆ. ಸ್ಕರ್ಟಿಂಗ್ ಬಿಚ್ಚಿ, ಗೋಡೆಯ ಬಳಿಯ ಒಂದು ಸಾಲು ಹಲಗೆ ತೆಗೆದುಬಿಡಿ. ಮೇಲೆ ಭಾರ ಹೇರಿ ಕೂರಿಸಲು ಹೋದರೆ ನಾಲಿಗೆಗಳು ಸೀಳಿಹೋಗುತ್ತವೆ. ಮೊಳೆ ಹೊಡೆಯದೆ ಸುಮ್ನೆ ಹಾಸಿದ, ತೇಲುವ ನೆಲ ಎದ್ದಿದ್ದರೆ ಅದನ್ನು ಏನು ಹಿಡಿದುಕೊಂಡಿದೆ ನೋಡಿ. ಭಾರದ ಬೀರು ಇರಬಹುದು, ನೆಲದ ಮೂಲಕ ಸ್ಲ್ಯಾಬಿಗೆ ಸ್ಕ್ರೂ ಹೊಡೆದ ಬಾಗಿಲ ಸ್ಟಾಪರ್ ಇರಬಹುದು, ನೆಲದ ಮೇಲೆ ಕೂರಿಸಿದ ವಾರ್ಡ್‌ರೋಬ್ ಇರಬಹುದು.

ಹಲಗೆಗಳ ನಡುವೆ ಸಂದಿ

ಬೇಸಿಗೆಯಲ್ಲಿ ಅಥವಾ ಏಸಿ ಸದಾ ಓಡುವ ಕೋಣೆಯಲ್ಲಿ ಎಲ್ಲ ಕಡೆ ಸಮನಾಗಿ ಸಣ್ಣ ಸಂದಿ ಕಂಡರೆ ಅದು ದೋಷವಲ್ಲ. ಮರ ಒಣಗಿ ಕುಗ್ಗಿದೆ, ಮಳೆಗಾಲಕ್ಕೆ ಮುಚ್ಚಿಕೊಳ್ಳುತ್ತದೆ. ದಯವಿಟ್ಟು ಅದಕ್ಕೆ ಪುಟ್ಟಿ ತುಂಬಬೇಡಿ. ಜೂನ್‌ನಲ್ಲಿ ಹಲಗೆ ಹಿಗ್ಗಿದಾಗ ಆ ಪುಟ್ಟಿ ಪುಡಿಯಾಗಿ ಮೇಲೆ ಬರುತ್ತದೆ, ಗಟ್ಟಿ ಪುಟ್ಟಿಯಾದರೆ ಅಂಚನ್ನೇ ಒಡೆಯುತ್ತದೆ.

ಹಿಂದಿನ ಬೇಸಿಗೆಗಿಂತ ಈ ಬೇಸಿಗೆ ಸಂದಿ ದೊಡ್ಡದಾಗಿದ್ದರೆ ವಿಷಯ ಬೇರೆ. ಮಳೆಗಾಲದಲ್ಲಿ ಹಿಗ್ಗಲು ಜಾಗ ಸಿಗದೆ ಹಲಗೆಯ ಅಂಚಿನ ಮರ ಒಂದಕ್ಕೊಂದು ಒತ್ತಿ ಶಾಶ್ವತವಾಗಿ ಜಜ್ಜಿಹೋಗಿದೆ. ಒಣಗಿದಾಗ ಹಲಗೆ ಮೊದಲಿಗಿಂತ ಕಿರಿದಾಗಿದೆ. ಮತ್ತೆ ಗೋಡೆಯ ಬಳಿಯ ಗ್ಯಾಪನ್ನೇ ನೋಡಬೇಕು.

ಹತ್ತು ಹಲಗೆ ಬಿಗಿಯಾಗಿದ್ದು ಹನ್ನೊಂದನೆಯದರ ಪಕ್ಕ ಮಾತ್ರ ದೊಡ್ಡ ಸಂದಿ ಇದ್ದರೆ, ಪಾಲಿಶ್ ಸಂದಿಗಳಿಗೆ ಇಳಿದು ಆ ಹತ್ತನ್ನು ಒಂದೇ ಹಲಗೆಯಂತೆ ಅಂಟಿಸಿರಬಹುದು. ಅಥವಾ ಆ ಸಾಲಿಗೆ ಮೊಳೆ ಕಡಿಮೆ ಬಿದ್ದಿರಬಹುದು.

ಕಿರ್ರ್ ಅನ್ನುವ ಸದ್ದು

ಒಬ್ಬರು ನಡೆಯಲಿ, ಇನ್ನೊಬ್ಬರು ಕಿವಿ ಹತ್ತಿರ ಇಟ್ಟು ಕೇಳಿ ಚಾಕ್‌ಪೀಸಿನಿಂದ ಗುರುತು ಮಾಡಲಿ. ಕಿರುಗುಟ್ಟುವ ತೆಳು ಸದ್ದು ಹಲಗೆಗೆ ಹಲಗೆ ಅಥವಾ ಹಲಗೆಗೆ ಮೊಳೆ ಉಜ್ಜುವುದರಿಂದ ಬರುತ್ತದೆ. ಸಂದಿಗೆ ಟಾಲ್ಕಂ ಪೌಡರ್ ಹಾಕಿ, ಮೇಲೆ ಬಟ್ಟೆ ಹಾಸಿ ನಾಲ್ಕು ಸಲ ತುಳಿದರೆ ಎಷ್ಟೋ ಸಲ ನಿಂತುಬಿಡುತ್ತದೆ.

ಧಬ್ ಅನ್ನುವ ದಪ್ಪ ಸದ್ದಾದರೆ ಕೆಳಗಿನ ಪ್ಲೈವುಡ್ ಸ್ಲ್ಯಾಬಿನಿಂದ ಎದ್ದು ಬೀಳುತ್ತಿದೆ. ಸ್ಲ್ಯಾಬ್ ಅಲ್ಲಿ ತಗ್ಗಾಗಿರುತ್ತದೆ. 6 ಅಡಿಗೆ 3 ಮಿ.ಮೀ.ಗಿಂತ ಜಾಸ್ತಿ ಏರುಪೇರು ಇರಬಾರದು. ಉದ್ದದ ಮಟ್ಟಗೋಲಿನಿಂದ ಇದನ್ನು ಮೊದಲೇ ನೋಡಿ, ತಗ್ಗಿಗೆ ತಾನಾಗಿ ಹರಡಿ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ ಸುರಿಯಬೇಕಿತ್ತು. ಈಗ ಮೇಲಿನಿಂದ ತೂತು ಕೊರೆದು ಸ್ಕ್ರೂ ಹಾಕಬಹುದು. ಆದರೆ ಎಚ್ಚರ. ನಮ್ಮ ಮನೆಗಳಲ್ಲಿ ಕೆಳಮಹಡಿಯ ಫ್ಯಾನು, ದೀಪದ ವೈರಿಂಗ್ ಪೈಪ್ ಸ್ಲ್ಯಾಬಿನೊಳಗೇ ಇರುತ್ತವೆ. ನೀರಿನ ಪೈಪ್ ಕೂಡ ಇರಬಹುದು. ಮೇನ್ ಸ್ವಿಚ್ ಆಫ್ ಮಾಡಿ, ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತಿಸಿಕೊಂಡೇ ಕೊರೆಯಿರಿ. ಪೈಪ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಕೊರೆಯಲೇಬೇಡಿ. ಸದ್ದಿನ ಜೊತೆ ಬದುಕಬಹುದು.

ಟೈಲ್ಸ್ ಮೇಲೆ ಮರ ಅಂಟಿಸಿದ ಫ್ಲ್ಯಾಟುಗಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುವುದುಂಟು. ಹಲಗೆ ಅಲುಗಾಡದಿದ್ದರೆ ಬಿಟ್ಟುಬಿಡಿ. ಅಲುಗಾಡಿದರೆ ಗಮ್ ಹಿಡಿದಿಲ್ಲ, ಅಥವಾ ಅಡಿಯ ಟೈಲೇ ಬಿಟ್ಟುಕೊಂಡಿದೆ. ನೀರು ಬೆರೆತ ಬಿಳಿ ಗಮ್ ಇಡೀ ನೆಲಕ್ಕೆ ಬಳಿದಿದ್ದರೆ ಅದರ ನೀರನ್ನೂ ಹಲಗೆಯೇ ಕುಡಿದಿರುತ್ತದೆ. ಮರದ ನೆಲಕ್ಕೆ ಅಂತಲೇ ಬರುವ, ಒಣಗಿದ ಮೇಲೂ ರಬ್ಬರಿನಂತೆ ಎಳೆಯುವ ಗಮ್ ಬೇಕು.

ಪುಡಿ ಉದುರುತ್ತಿದ್ದರೆ

ಮೈದಾ ಹಿಟ್ಟಿನಂಥ ನಯವಾದ ಪುಡಿ, ಗುಂಡುಸೂಜಿ ತಲೆಯಷ್ಟು ತೂತು ಇದ್ದರೆ ಮರ ಕೊರೆಯುವ ಹುಳು. ಬಿಳಿಚಿದ ಹೊರಮರ ಇರುವ ಹಲಗೆಯಲ್ಲಿ ಇದು ಬರುತ್ತದೆ. ತೇಗವಾದರೂ ಅದರ ತಿರುಳಿಗೆ ಇರುವ ತಾಳಿಕೆ ಹೊರಮರಕ್ಕೆ ಇಲ್ಲ. ಸ್ಕರ್ಟಿಂಗ್ ಹಿಂದೆ ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೆದ್ದಲಿಗೆ ಬರೀ ಹಲಗೆ ಬದಲಿಸಿದರೆ ಸಾಲದು, ಅದು ಗೋಡೆಗೆ ಎಲ್ಲಿಂದ ಹತ್ತಿದೆ ಅಂತ ಹುಡುಕಿ ಮದ್ದು ಹೊಡೆಸಬೇಕು.

ಇನ್ನೂ ಹಾಕದವರಿಗೆ ಒಂದು ಮಾತು

"ಚೆನ್ನಾಗಿ ಒಣಗಿದ ಮರ" ಅಂತ ನನಗೆ ಕೊಟ್ಟ ಹಲಗೆ ನಿಜವಾಗಿಯೂ ಚೆನ್ನಾಗಿಯೇ ಒಣಗಿತ್ತು. ಶೇ. 10. ತೊಂದರೆ ಇದ್ದದ್ದು ಅಲ್ಲೇ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಬೀಳುತ್ತದೆ. ಇಲ್ಲಿ ಮರ ಬೇಸಿಗೆಯಲ್ಲಿ 10ಕ್ಕೆ ಇಳಿದು, ಮಳೆಯಲ್ಲಿ 15 ದಾಟುವುದುಂಟು. ಹಾಕುವಾಗ ನಡುವಿನ ಅಂಕಿ, ಅಂದರೆ 12 ಅಥವಾ 13 ಇದ್ದರೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಓಡಾಡುತ್ತದೆ. ತೀರಾ ಒಣ ಹಲಗೆಯನ್ನು ಒತ್ತಿ ಒತ್ತಿ ಬಿಗಿಯಾಗಿ ಕೂರಿಸಿದರೆ ಅದಕ್ಕೆ ಹಿಗ್ಗುವ ದಾರಿ ಮಾತ್ರ ಉಳಿದಿರುತ್ತದೆ. ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಹಾಕುವವರಿಗೆ ಇದೇ ಅಂಕಿ ಜಾಸ್ತಿಯಾಗುತ್ತದೆ. ಹಲಗೆಯನ್ನು ಕೋಣೆಯಲ್ಲಿ ಮೂರು ದಿನ ಇಟ್ಟರೆ ಸಾಕು ಅನ್ನುವ ಮಾತನ್ನು ನಂಬಬೇಡಿ. ಕಟ್ಟು ಬಿಚ್ಚಿ, ನಡುವೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಪೇರಿಸಿ, ಅಂಕಿ ನಿಲ್ಲುವವರೆಗೆ ಅಳೆಯಿರಿ. ಒಂದು ತುಂಡು ಹಲಗೆಯನ್ನು ಕಪಾಟಿನಲ್ಲಿ ಎತ್ತಿಡಿ. ಮುಂದೆ ಅನುಮಾನ ಬಂದಾಗ ನೆಲದ ಅಂಕಿಯನ್ನು ಅದರ ಅಂಕಿಯ ಪಕ್ಕ ಇಟ್ಟು ನೋಡಬಹುದು.

ಬಚ್ಚಲಿನ ಗೋಡೆಯ ಬಳಿ ಕಪ್ಪಾಗಿದ್ದ ಮೂರು ಹಲಗೆಗಳನ್ನು ಕೊನೆಗೆ ಬದಲಿಸಲೇಬೇಕಾಯಿತು. ಹಲಗೆಯ ಉದ್ದಕ್ಕೆ ಎರಡು ಗೆರೆ ಕೊಯ್ದು, ನಡುವಿನ ಪಟ್ಟಿ ಎತ್ತಿ, ಉಳಿದ ಅಂಚನ್ನು ಉಳಿಯಿಂದ ಒಳಮುಖವಾಗಿ ಬಿಡಿಸಿದೆ. ಹೊಸ ಹಲಗೆಯ ಗ್ರೂವಿನ ಕೆಳತುಟಿ ಕತ್ತರಿಸಿದರೆ ಅದು ಮೇಲಿನಿಂದಲೇ ಕೂರುತ್ತದೆ. ಗಮ್ ಹಾಕಿ, ರಾತ್ರಿ ಪೂರ್ತಿ ಭಾರ ಇಟ್ಟೆ. ಆ ಭಾಗವನ್ನಷ್ಟೇ 80 ನಂಬರ್, ಆಮೇಲೆ 120 ನಂಬರ್ ಪೇಪರಿನಲ್ಲಿ ಉಜ್ಜಿ ಪಿಯು (ಪಾಲಿಯುರೆಥೇನ್) ಪಾಲಿಶ್ ಕೋಟ್ ಕೊಟ್ಟೆ. ಹೊಸ ಹಲಗೆಗಳ ಬಣ್ಣ ಇನ್ನೂ ಸ್ವಲ್ಪ ತಿಳಿಯಾಗಿದೆ. ಈ ಜುಲೈನಲ್ಲಿ ಅಲ್ಲಿ ಮೀಟರ್ ಶೇ. 14 ತೋರಿಸಿತು, ಕೋಣೆಯ ನಡುವೆಯೂ 14. ಸ್ಕೇಲಿನ ಅಡಿ ಒಂದು ಹಾಳೆ ಮಾತ್ರ ಹೋಯಿತು.